ತೊಟ್ಟಿಲ ತಲೆದೆಸೆಯ ಕುಳ್ಳ

ಒಡೆಯಬಹುದಾದ ಯಾವ ವಸ್ತುವನ್ನು ಎತ್ತುವಾಗಲೂ ನಾರ್ಬರ್ಟರ ನಾಲಿಗೆಯ ತುದಿ ಬಾಯಿಯ ಎಡಮೂಲೆಯಿಂದ ಒಂದಿಷ್ಟು ಹೊರಗಿಣುಕುತ್ತದೆ. ವಸ್ತು ನೆಲೆ ಮುಟ್ಟಿ ನೆಮ್ಮದಿಯಾಗಿ ಕುಳಿತಿತೆಂದು ಕೈಗಳಿಗೆ ಖಾತ್ರಿಯಾದ ಮೇಲಷ್ಟೇ ಅದು ಒಳಗೆ ಸೇರುತ್ತದೆ. ಎತ್ತುವುದು ಸಹಸ್ರಮಾನಗಳ ಹಿಂದಿನ ಮಣ್ಣಿನ ಕೊಡವಾಗಲಿ, ಇಗರ್ಜಿಯ ಹಬ್ಬಕ್ಕೆಂದು ಪೀಠದಿಂದಿಳಿಸುವ ಮೇರಿಮಾತೆಯ ಪ್ರತಿಮೆಯಾಗಲಿ, ಹೆಂಡತಿ ಮೆಟಿಲ್ಡಾಬಾಯಿ ಒಲೆಯಿಂದ ಇಳಿಸಹೇಳಿದ ಇಡ್ಲಿಯಂಥ ಸಾನ್ನಾಂ ಬೆಂದ ಹಬೆಯಾಡುವ ಪಾತ್ರೆಯಾಗಲಿ, ಆ ನಾಲಿಗೆಗೆ ಭೇದವಿಲ್ಲ. ಮೊದಲ ಸಲ ಕಂಡವರಿಗೆ ನಗು ಬರುತ್ತದೆ. ಎರಡನೆಯ ಸಲ ಕಂಡವರು ತಮ್ಮ ಮನೆಯ ಗಾಜಿನ ಸಾಮಾನನ್ನೂ ಇವರೇ ಎತ್ತಲಿ ಎಂದು ಬಯಸುತ್ತಾರೆ.

ಕಿನ್ನಿಗೋಳಿಯ ಕಡೆಯ ಬಡಗಿಗಳ ಮನೆಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಮೂವತ್ತು ವರ್ಷಗಳ ಹಿಂದೆ ದುಬೈಗೆ ಬಂದಿಳಿದ ಈ ಮನುಷ್ಯ ಕುಳ್ಳು, ಗುಂಡು, ಗಡ್ಡಧಾರಿ. ಕಾಲುಗಳು ಮೊಣಕಾಲಿನ ಬಳಿ ಬಿಲ್ಲಿನಂತೆ ಹೊರಬಾಗಿ, ಅವುಗಳ ನಡುವೆ ಒಂದು ಹಲಸಿನಹಣ್ಣನ್ನು ಉರುಳಿಸಿಬಿಡಬಹುದೆಂದು ಗೆಳೆಯರ ಅಂಬೋಣ. ನಡೆಯುವಾಗ ಇಡೀ ದೇಹ ಎಡಬಲಕ್ಕೆ ತೂಗುತ್ತದೆ, ಆದರೆ ಕೈಯಲ್ಲಿರುವುದು ತೂಗುವುದಿಲ್ಲ. ಅಲೆಯ ಮೇಲಿನ ದೋಣಿಯಲ್ಲಿ ನೀರು ತುಂಬಿದ ಬಟ್ಟಲು ಹಿಡಿದು ನಿಂತ ಅಂಬಿಗನ ಹಾಗೆ. ಮೈಮೇಲೆ ಮೊಣಕಾಲು ಮುಟ್ಟುವ ಬೂದಿ ಬಣ್ಣದ ಒಂದು ಕೋಟು, ಬೇಸಿಗೆಯ ಉರಿಯಲ್ಲಿಯೂ. ಅದಕ್ಕೆ ಅವರೇ ಹೊಲಿದುಕೊಂಡ ಹತ್ತೆಂಟು ಕಿಸೆಗಳಲ್ಲಿ ಹತ್ತಿಯ ಪಟ್ಟಿ, ಮೃದುವಾದ ಕುಂಚ, ಬಡಗಿಯ ಚಪ್ಪಟೆ ಪೆನ್ಸಿಲು, ಜೊತೆಗೆ ಮರದ ಮಣಿಗಳ ಜಪಸರ.

ಪುರಾತನ ವಸ್ತುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಜೋಪಾನವಾಗಿ ಸಾಗಿಸುವ ಒಂದು ಕಂಪೆನಿಯಲ್ಲಿ ಅವರ ಉದ್ಯೋಗ. ಪೆಟ್ಟಿಗೆ ಮಾಡುವುದು, ವಸ್ತುವನ್ನು ಅದರೊಳಗೆ ಮಲಗಿಸುವುದು, ಮುಟ್ಟಿದ ಊರಿನಲ್ಲಿ ಎಬ್ಬಿಸುವುದು. ಪ್ರತಿ ಪೆಟ್ಟಿಗೆಯ ಮೇಲೆ ಇಂಗ್ಲಿಷಿನ ಚೀಟಿ ಅಂಟಿದ ಬಳಿಕ ಅದರಡಿಯಲ್ಲಿ ಕನ್ನಡದ ದುಂಡು ಅಕ್ಷರಗಳಲ್ಲಿ ಒಳಗಿರುವುದರ ಹೆಸರನ್ನು ತಾವೊಮ್ಮೆ ಬರೆಯುತ್ತಾರೆ. ಮೂವತ್ತು ವರ್ಷಗಳಲ್ಲಿ ಒಂದೇ ಒಂದು ಪೆಟ್ಟಿಗೆಗೂ ತಪ್ಪು ಹೆಸರು ಬರೆದವರಲ್ಲವೆಂಬುದು ಅವರ ಏಕಮಾತ್ರ ಗರ್ವ. ಇನ್ನೊಂದು ಹಟದ ರೂಢಿ: ಎತ್ತುವ ಮೊದಲು ಬಾಗಿ, ವಸ್ತುವಿಗೇ ಕೇಳಿಸುವ ಹಾಗೆ, “ಎತ್ತುತ್ತೇನೆ, ಹಾಂ” ಎಂದು ತಿಳಿಸುವುದು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಕಟ್ಟಡದಿಂದ ದೊಡ್ಡ ಗಾಜಿನ ದೀಪಗುಚ್ಛವನ್ನು ಇಳಿಸುತ್ತಿದ್ದಾಗ ಹೊಸದಾಗಿ ಬಂದ ಮ್ಯಾನೇಜರೊಬ್ಬರು ಬೆನ್ನಹಿಂದೆ ನಿಂತು ಯಲ್ಲಾ ಯಲ್ಲಾ ಎಂದು ಅವಸರಪಡಿಸಿದರಂತೆ. ನಾರ್ಬರ್ಟರು ಕೆಲಸ ನಿಲ್ಲಿಸಿ, ದೀಪದ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತು, ಸಾವಕಾಶವಾಗಿ ಹೇಳಿದರಂತೆ: “ಯಲ್ಲಾ ಅಂದರೆ ಮನುಷ್ಯರು ಓಡ್ತಾರೆ, ಸಾರ್. ಇದು ಗಾಜು.”

ಇಂಥ ನಾರ್ಬರ್ಟರು ಹೋದ ನವೆಂಬರಿನಲ್ಲಿ ಅಬುಧಾಬಿಯ ಖಾಲಿದಿಯಾದಲ್ಲಿರುವ ಪುರಾತನ ವಸ್ತುಗಳ ಸಂಗ್ರಾಹಕರೊಬ್ಬರ ಮನೆಗೆ ಹೋದರು. ಪ್ರದರ್ಶನವೊಂದಕ್ಕೆ ಕಳಿಸಬೇಕಾಗಿದ್ದ ಪ್ರಾಚೀನ ಈಜಿಪ್ಟಿನ ಹನ್ನೊಂದು ವಸ್ತುಗಳನ್ನು ಅಲ್ಲಿ ಪೆಟ್ಟಿಗೆಗೆ ಇಳಿಸಬೇಕಿತ್ತು. ವಸ್ತುಗಳ ಆರೋಗ್ಯ ನೋಡಿಕೊಳ್ಳಲು ಬಂದಿದ್ದವರು ಇರೀನಿ ಎಂಬ ಈಜಿಪ್ಟಿನ ಹೆಂಗಸು. ಅವರೂ ಕ್ರೈಸ್ತರೇ, ಅಲ್ಲಿನ ಬಹಳ ಹಳೆಯ ಸಭೆಯವರು. ಏಳನೆಯ ವಸ್ತುವಿನ ಮೇಲಿನ ಬಟ್ಟೆ ಸರಿಸಿದಾಗ ನಾರ್ಬರ್ಟರ ಎದುರಿಗೆ ಗೇಣುದ್ದದ ಒಂದು ಮರದ ವಿಗ್ರಹ ನಿಂತಿತ್ತು: ಕುಳ್ಳ, ಡೊಳ್ಳುಹೊಟ್ಟೆ, ಹೊರಬಾಗಿದ ಕಾಲುಗಳು, ಸಿಂಹದ ಕೇಸರದಂಥ ಗಡ್ಡ, ಎದುರಿಗೆ ಬಂದವರ ಮುಖವನ್ನೇ ನೆಟ್ಟು ನೋಡುವ ದುಂಡು ಕಣ್ಣು, ಚಾಚಿದ ನಾಲಿಗೆ. ಪಕ್ಕದಲ್ಲಿ ಕಲ್ಲಿನ ಒಂದು ನೀರಾನೆ, ತುಂಬು ಬಸುರಿಯ ಹಾಗೆ ಹೊಟ್ಟೆ ಹೊತ್ತು ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತಿತ್ತು. ಕುಳ್ಳನನ್ನು ಎತ್ತಲೆಂದು ನಾರ್ಬರ್ಟರು ಬಾಗಿದರು. ನಾಲಿಗೆ ತನ್ನ ಪಾಡಿಗೆ ಹೊರಬಂತು. ಇರೀನಿ ಒಮ್ಮೆ ವಿಗ್ರಹವನ್ನೂ ಒಮ್ಮೆ ಇವರನ್ನೂ ನೋಡಿ, ಕೈಗವಸು ತೊಟ್ಟ ಕೈಯಿಂದಲೇ ಬಾಯಿ ಮುಚ್ಚಿಕೊಂಡು, “ಯಾ ನಾರ್ಬರ್ಟ್, ಇವರು ನಿಮ್ಮ ಅಜ್ಜ” ಎಂದರು.

ಅಜ್ಜನ ಹೆಸರು ಬೆಸ್. ನೀರಾನೆಯ ಹೆಸರು ತವೆರೆತ್. ರಾಜರ ಮಹಾಮಂದಿರಗಳ ಗರ್ಭಗೃಹದಲ್ಲಿ ಮೆರೆದ ದೊಡ್ಡ ದೇವರುಗಳ ಸಾಲಿಗೆ ಇವರು ಸೇರಿದವರಲ್ಲ, ಬಡವರ ಮನೆಯ ದೇವರುಗಳು ಎಂದು ಇರೀನಿ ವಿವರಿಸಿದರಂತೆ. ಮಂಚದ ಕಾಲಿನ ಮೇಲೆ, ತಲೆದಿಂಬಿನ ಮೇಲೆ, ಬಾಣಂತಿಯ ಕೋಣೆಯ ಗೋಡೆಯ ಮೇಲೆ ಇವರ ವಾಸ. ಬಸುರಿಯನ್ನೂ ಕೂಸನ್ನೂ ಕಾಯುವುದು, ಹಾವು ಚೇಳು ಕೆಟ್ಟ ಕನಸುಗಳನ್ನು ಹೆದರಿಸಿ ಅಟ್ಟುವುದು ಇವರ ದುಡಿಮೆ. ಬೆಸ್ ನಾಲಿಗೆ ಚಾಚುವುದು ಕೇಡಿಗೆ ಹೆದರಿಕೆಯಾಗಲೆಂದು. ಮಕ್ಕಳಿಗೆ ಅದನ್ನು ಕಂಡರೆ ನಗು.

ನಾರ್ಬರ್ಟರ ಕಿವಿ ಹಿಡಿದದ್ದು ಹೆಸರನ್ನು. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆಯ ಜಪಸರ ಮುಗಿದ ಕೂಡಲೇ ಮಕ್ಕಳು ಕೈಜೋಡಿಸಿ ಹಿರಿಯರ ಮುಂದೆ ನಿಂತು ‘ಬೆಸಾಂವ್’ ಕೇಳುವುದು ವಾಡಿಕೆ. ಬೆಸಾಂವ್ ಎಂದರೆ ಆಶೀರ್ವಾದ. ಮುನಿಸಿಕೊಂಡ ಮಗುವೂ, ಏಟು ತಿಂದ ಮಗುವೂ ಬೆಸಾಂವ್ ಪಡೆಯದೆ ಊಟಕ್ಕೆ ಕೂರುವಂತಿಲ್ಲ. ಬೆಸ್ ಎಂದರೆ ಬೆಸಾಂವ್‌ನ ಮೊದಲ ಅಕ್ಷರಗಳೇ ಅಲ್ಲವೇ, ಈ ಗಡ್ಡದ ಅಜ್ಜ ಕೂಸಿನ ತಲೆದೆಸೆಯಲ್ಲಿ ನಿಂತು ಬೇರೆ ಇನ್ನೇನು ಕೊಡುತ್ತಿದ್ದಾನು ಎಂದು ಅವರಿಗೆ ಹೊಳೆಯಿತು. ಪೆಟ್ಟಿಗೆಯ ಮುಚ್ಚಳ ಬಿಗಿದು, ಇಂಗ್ಲಿಷ್ ಚೀಟಿಯ ಅಡಿಯಲ್ಲಿ ದುಂಡಗೆ ‘ಬೆಸಾಂವ್’ ಎಂದು ಬರೆದು, ಅದನ್ನು ಲಾರಿ ಹತ್ತಿಸಿದರು.

ಅವರ ಮನೆಯಲ್ಲಿ ಆಗ ಬೆಸಾಂವ್‌ಗೆ ಬರಗಾಲವಿತ್ತು. ಒಬ್ಬಳೇ ಮಗಳು ಮೆಲಿಸ್ಸಾ, ಮೂವತ್ತೊಂದರ ಪ್ರಾಯ, ಮದುವೆಯಾಗಿ ನಾಲ್ಕು ವರ್ಷಗಳಲ್ಲಿ ಎರಡು ಬಾರಿ ಗರ್ಭ ಕಳೆದುಕೊಂಡವಳು, ಮೂರನೆಯ ಸಲ ಬಸುರಿಯಾಗಿದ್ದಳು. ಗಂಡ ಡಿಕ್ಸನ್ ಕಡಲ ನಡುವಿನ ತೈಲಕಟ್ಟೆಯಲ್ಲಿ ನಾಲ್ಕು ವಾರ ದುಡಿದು ನಾಲ್ಕು ವಾರ ಮನೆಗೆ ಬರುವವನಾದ್ದರಿಂದ ಅವಳು ದುಬೈಯ ಅಲ್ ನಹ್ದಾದ ತವರಿಗೆ ಬಂದಿದ್ದಳು. ವೈದ್ಯರು ಹಾಸಿಗೆ ಬಿಟ್ಟು ಹೆಚ್ಚು ಏಳಬಾರದೆಂದಿದ್ದರು. ಅವರು ಹೇಳದೇ ಇದ್ದುದನ್ನು ಅವಳೇ ತನಗೆ ವಿಧಿಸಿಕೊಂಡಿದ್ದಳು: ಕೂಸಿನ ಮಾತು ಎತ್ತಕೂಡದು, ಒಂದು ಅಂಗಿಯನ್ನೂ ಕೊಳ್ಳಕೂಡದು. ಸ್ಕ್ಯಾನಿನ ಚಿತ್ರವಿದ್ದ ಲಕೋಟೆಯನ್ನು ಬಿಚ್ಚದೆ ಹಾಸಿಗೆಯಡಿಗೆ ತಳ್ಳಿ ಗೋಡೆಯ ಕಡೆ ಮುಖಮಾಡಿ ಮಲಗುತ್ತಿದ್ದಳು. ಎರಡು ಸಲ ಸುಟ್ಟುಕೊಂಡ ಕೈ ದೀಪಕ್ಕೂ ಹೆದರುತ್ತದೆ. ಮೈಯಲ್ಲಿ ಕೂಸು ಬೆಳೆಯುತ್ತಿತ್ತು, ಮನಸ್ಸು ಅದಕ್ಕೆ ಬಾಗಿಲು ತೆರೆದಿರಲಿಲ್ಲ. ಮನೆಯವರಿಗೆ ಭಯವಿದ್ದದ್ದು ಎರಡರ ಬಗೆಗೂ.

ನಾರ್ಬರ್ಟರು ಯಾರನ್ನೂ ಕೇಳಲಿಲ್ಲ. ಹಳೆಯ ನಾವೆಯೊಂದನ್ನು ಬಿಚ್ಚುತ್ತಿದ್ದಲ್ಲಿಂದ ತೇಗದ ಹಲಗೆ ತಂದು, ಒಗೆದ ಬಟ್ಟೆಗಳ ಮತ್ತು ಎಸಿಯ ಪೆಟ್ಟಿಗೆಯ ನಡುವೆ ಬಾಲ್ಕನಿಯಲ್ಲಿ ಚಾಪೆ ಹಾಸಿ, ರಜೆಯ ದಿನಗಳಲ್ಲಿ ತೊಟ್ಟಿಲು ಮಾಡತೊಡಗಿದರು. ಮೆಟಿಲ್ಡಾಬಾಯಿ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷಗಳಿಂದ ದುಡಿಯುತ್ತಿರುವ ದಾದಿ. ಏನೇನು ಆಗಬಹುದೆಂಬುದು ಅವರಿಗೆ ಗೊತ್ತಿದ್ದಷ್ಟು ಆ ಮನೆಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರ ಕಥೆ ಇದು, ನಾಳೆ ಏನಾದರೂ ಆದರೆ ಆ ತೊಟ್ಟಿಲನ್ನು ಯಾರು ನೋಡಿಯಾರು ಎಂದು ಗದರಿದರು, ಅತ್ತರು, ಕೊನೆಗೆ ಮಾತು ಬಿಟ್ಟರು. ಅಷ್ಟರಲ್ಲಿ ತಲೆದೆಸೆಯ ಹಲಗೆಯ ಮೇಲೆ ಗಡ್ಡ, ಹೊಟ್ಟೆ, ಚಾಚಿದ ನಾಲಿಗೆ ಒಂದೊಂದಾಗಿ ಮೂಡಿದವು. ಆಮೇಲೆ ಮೆಟಿಲ್ಡಾಬಾಯಿಯಿಂದ ನನಗೆ ಫೋನು ಬಂತು.

“ಗುರ್ಕಾರರೇ, ಒಮ್ಮೆ ಬನ್ನಿ ನೀವು. ಇವರು ಬಾಲ್ಕನಿಯಲ್ಲಿ ಕೂತು ಸೈತಾನನನ್ನು ಕೆತ್ತುತ್ತಾ ಇದ್ದಾರೆ.”

ಊರಿನ ಇಗರ್ಜಿಗಳಲ್ಲಿ ವಾಳೆಯ, ಅಂದರೆ ಕೇರಿಯ, ಹಿರಿಯನನ್ನು ಗುರ್ಕಾರನೆನ್ನುತ್ತಾರೆ. ಇಲ್ಲಿ ವಾಳೆಯೂ ಇಲ್ಲ, ನಾನು ಅಂಥ ಹಿರಿಯನೂ ಅಲ್ಲ. ಮನೆಮನೆಗೆ ಹೋಗಿ ಪ್ರಾರ್ಥನೆ ನಡೆಸಿ ನಾಲ್ಕು ಮಾತು ಬೋಧಿಸುವ ಗೃಹಸ್ಥನನ್ನು ಜನರು ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ದೇವರ ಹತ್ತು ಕಟ್ಟಳೆಗಳಲ್ಲಿ ಮೊದಲನೆಯದರ ಕುರಿತು ಮೂರು ಪುಟ ಟಿಪ್ಪಣಿ ಮಾಡಿಕೊಂಡು ಹೋದೆ. ದೇವರಲ್ಲದ ದೇವರಿಗೆ ಮನೆಯಲ್ಲಿ ಎಡೆ ಕೊಡುವುದು ಹೇಗೆ ಸಲ್ಲದೆಂದು ಅರ್ಧ ಗಂಟೆ ನಿರರ್ಗಳವಾಗಿ ಮಾತಾಡಿದೆ. ನಾರ್ಬರ್ಟರು ಮರಳುಕಾಗದದಿಂದ ಹಲಗೆಯ ಅಂಚನ್ನು ಉಜ್ಜುತ್ತಾ, ನಾಲಿಗೆಯ ತುದಿಯನ್ನು ಹೊರಗಿಟ್ಟೇ ಎಲ್ಲವನ್ನೂ ಆಲಿಸಿದರು. ನಾನು ಮುಗಿಸಿದ ಮೇಲೆ ಕೋಟಿಗೆ ಕೈ ಒರೆಸಿಕೊಂಡು ಕೇಳಿದರು:

“ಹಾಗಲ್ಲ ಗುರ್ಕಾರರೇ. ಬಾಲಯೇಸುವನ್ನು ಎತ್ತಿಕೊಂಡು ಜೋಸೆಫರು ಓಡಿಹೋದದ್ದು ಈಜಿಪ್ಟಿಗೇ ಅಲ್ಲವಾ? ಅಲ್ಲಿ ಅವರು ಹೊಟ್ಟೆಪಾಡಿಗೆ ಎಂತ ಮಾಡಿಯಾರು? ಬಡಗಿ ಕೆಲಸ. ನಮ್ಮ ಮಂಚಕ್ಕೆ ಇವನನ್ನೊಂದು ಕೆತ್ತಿಕೊಡಿ ಅಂತ ಒಬ್ಬಳಾದರೂ ಬಸುರಿ ಅವರನ್ನು ಕೇಳಿರಲಿಕ್ಕಿಲ್ಲವಾ? ಇಲ್ಲ ಹೋಗು ಅಂದಿರ್ತಾರಾ ಅವರು?”

ನನ್ನ ಮೂರು ಪುಟಗಳನ್ನು ಮಡಚಿ ಕಿಸೆಗಿಟ್ಟೆ. ವಾದದಲ್ಲಿ ಸೋತ ಪಂಡಿತ ವ್ಯಾಕರಣದ ಮೊರೆಹೋಗುತ್ತಾನೆ, ನಾನೂ ಹೋದೆ. ಅವರು ಆಗಲೇ ವಿವರಿಸಿದ್ದ ಆ ಬೆಸಾಂವ್ ಎಂಬುದು ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದಿಳಿದ ಮಾತು, ಅದಕ್ಕೂ ಈ ಬೆಸ್ ಎಂಬ ಹೆಸರಿಗೂ ಕಾಸಿನಷ್ಟೂ ನಂಟಿಲ್ಲ, ಕೇಳಲು ಒಂದೇ ಥರ ಇದ್ದ ಮಾತ್ರಕ್ಕೆ ಎರಡು ಶಬ್ದ ಒಂದೇ ಬಳ್ಳಿಯವಾಗುವುದಿಲ್ಲ ಎಂದೆ.

ಉಜ್ಜುತ್ತಿದ್ದ ಕೈ ನಿಂತಿತು. “ನಂಟಿಲ್ಲವಾ?”

“ಇಲ್ಲ.”

“ಹಾಗಾದರೆ ಆ ಪೆಟ್ಟಿಗೆಯ ಮೇಲೆ ನಾನು ತಪ್ಪು ಬರೆದು ಕಳಿಸಿದೆನಲ್ಲ.”

ಅವರ ಮುಖ ಬಾಡಿತ್ತು. ನಾನು ಹೊರಟ ಮೇಲೆ ಅವರು ಕೀಸುಳಿ ಹಿಡಿದು ಕುಳಿತರಂತೆ. ಸಂಜೆಯ ಹೊತ್ತಿಗೆ ತಲೆದೆಸೆಯ ಹಲಗೆ ನುಣ್ಣಗಾಗಿತ್ತು. ಗಡ್ಡವೂ ಹೊಟ್ಟೆಯೂ ನಾಲಿಗೆಯೂ ಸುರುಳಿ ಸುರುಳಿ ಹೊಟ್ಟಾಗಿ ಚಾಪೆಯ ಮೇಲೆ ಬಿದ್ದಿದ್ದವು. ಮೆಟಿಲ್ಡಾಬಾಯಿ ಮರುದಿನ ಧನ್ಯವಾದ ಹೇಳಲು ಫೋನು ಮಾಡಿದಾಗ ಅವರ ದನಿಯಲ್ಲಿ ಗೆಲುವು ಕೇಳಿಸಲಿಲ್ಲ. ಇವರು ನಿನ್ನೆಯಿಂದ ಮಾತಾಡುತ್ತಿಲ್ಲ, ಊಟದ ತಟ್ಟೆ ಎತ್ತುವಾಗ ನಾಲಿಗೆ ಸಹ ಹೊರಗೆ ಬರುತ್ತಿಲ್ಲ ಎಂದರು.

ವಾರ ಕಳೆದು ಶನಿವಾರ ಸಂಜೆ ಅದೇ ಮನೆಯಲ್ಲಿ ಜಪಸರವಿತ್ತು. ಮೆಲಿಸ್ಸಾ ಒಳಕೋಣೆಯ ಹಾಸಿಗೆಯಿಂದಲೇ ಪ್ರಾರ್ಥನೆಗೆ ದನಿಗೂಡಿಸುತ್ತಿದ್ದಳು. ಮುಗಿದ ಮೇಲೆ ಎದ್ದು, ಗೋಡೆ ಹಿಡಿದು ನಿಧಾನವಾಗಿ ಹೊರಗೆ ಬಂದಳು. ಆ ವಾರವಿಡೀ ಡಿಕ್ಸನ್ ಸರದಿಯ ನಡುವೆಯೇ ವಿಶೇಷ ರಜೆ ಪಡೆದು ಬಂದು ಅವಳ ಕೋಣೆಯಲ್ಲೇ ಇದ್ದು ಹಿಂದಿನ ದಿನವಷ್ಟೇ ಮರಳಿದ್ದರಿಂದ ಬಾಲ್ಕನಿಯ ಕಡೆ ಅವಳು ಸುಳಿದಿರಲಿಲ್ಲ. ಬಾಲ್ಕನಿಯ ಬಾಗಿಲಲ್ಲಿದ್ದ ತೊಟ್ಟಿಲಿನ ತಲೆದೆಸೆಗೆ ಕೈ ಚಾಚಿದಳು. ಕೈ ಏನನ್ನೋ ಹುಡುಕುತ್ತಾ ನುಣುಪಾದ ಹಲಗೆಯ ಮೇಲೆ ಅತ್ತಿತ್ತ ಆಡಿತು.

“ಡ್ಯಾಡಿ, ವೇರ್ ಈಸ್ ಹೀ?” ಎಂದಳು. ಅಪ್ಪನ ಕಡೆ ತಿರುಗಿ, “ಅವನು ಎಲ್ಲಿ?”

“ತೆಗೆದೆ, ಪುತಾ,” ಎಂದರು ನಾರ್ಬರ್ಟ್. “ನಾನು ಹೆಸರು ತಪ್ಪು ತಿಳಿದಿದ್ದೆ. ಗುರ್ಕಾರರು ತಿಳಿಸಿದರು.”

ಅವಳು ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅಮ್ಮ ಡ್ಯೂಟಿಗೂ ಅಪ್ಪ ಕೆಲಸಕ್ಕೂ ಹೋದ ಮೇಲೆ ಮಧ್ಯಾಹ್ನ ಹತ್ತು ನಿಮಿಷ ತಾನು ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆನೆಂದೂ, ಕೆತ್ತನೆ ವಾರಕ್ಕೊಂದಿಷ್ಟು ಹೊರಬರುವುದನ್ನು ಬೆರಳಿನಿಂದ ಸವರಿ ನೋಡುತ್ತಿದ್ದೆನೆಂದೂ ಹೇಳಿದಳು.

“ಎಲ್ಲರೂ ನನ್ನನ್ನು ಕಂಡ ಕೂಡಲೇ ಮುಖ ಸಣ್ಣದು ಮಾಡ್ತಾರೆ, ಅಂಕಲ್. ನೀವೂ. ಅವನೊಬ್ಬ ನಾಲಿಗೆ ತೋರಿಸ್ತಿದ್ದ. ನಾನು ಬೇಬಿಗೆ ಅವನ ವಿಷಯ ಹೇಳ್ತಿದ್ದೆ. ಬಂದ ಕೂಡಲೇ ಒಬ್ಬ ತಮಾಷೆಯ ಮುದುಕನನ್ನು ನೋಡ್ತೀ, ಹೆದರಬೇಡ, ಅವನು ನಮ್ಮವನೇ ಅಂತ.”

ಬೇಬಿ. ಏಳು ತಿಂಗಳಲ್ಲಿ ಆ ಮನೆಯೊಳಗೆ ಅವಳೆದುರು ಯಾರೂ ನುಡಿಯದಿದ್ದ ಶಬ್ದವನ್ನು ಅವಳೇ ನುಡಿದಿದ್ದಳು, ನುಡಿದದ್ದು ಅವಳ ಗಮನಕ್ಕೂ ಬಂದಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮೆಟಿಲ್ಡಾಬಾಯಿ ಚೌಕಟ್ಟು ಹಿಡಿದು ನಿಂತದ್ದನ್ನು ಕಂಡೆ. ಎಷ್ಟೋ ತಾಯಂದಿರ ಕೈಯಲ್ಲಿ ಕೂಸನ್ನೂ, ಕೆಲವೊಮ್ಮೆ ಬರಿಯ ಬಟ್ಟೆಯನ್ನೂ ಇಟ್ಟ ಆ ದಾದಿಗೆ ನನ್ನ ಟಿಪ್ಪಣಿಗಳ ನೆರವು ಬೇಕಾಗಲಿಲ್ಲ. ಸೆರಗಿನಿಂದ ಕಣ್ಣೊತ್ತಿಕೊಂಡು ಗಂಡನಿಗೆಂದರು: “ಪುನಃ ಕೆತ್ತಿ ಅವನನ್ನು. ನಾಲಿಗೆ ಮಾತ್ರ ಸ್ವಲ್ಪ ಒಳಗೆ ಇರಲಿ.”

“ಅದೆಂತ ಮಾತು ಮಾರಾಯ್ತಿ,” ಎಂದರು ನಾರ್ಬರ್ಟ್. “ನಾಲಿಗೆ ಇಲ್ಲದಿದ್ದರೆ ಅವನಿಗೆ ಕೆಲಸ ಯಾರು ಕೊಡ್ತಾರೆ?”

ಮೆಲಿಸ್ಸಾ ನಕ್ಕಳು. ನಗುವಾಗ ಎರಡೂ ಕೈಗಳಿಂದ ಹೊಟ್ಟೆಯನ್ನು ಆತುಕೊಂಡಳು, ಒಳಗಿರುವುದು ಕುಲುಕದಿರಲಿ ಎಂಬಂತೆ.

ನಾನು ಎದ್ದು ನಾರ್ಬರ್ಟರ ಬಳಿ ಹೋಗಿ, ನನ್ನ ವ್ಯಾಕರಣ ಸರಿಯಾಗಿತ್ತು, ಅದನ್ನು ಹೇಳಿದ ಹೊತ್ತು ಮತ್ತು ಮನಸ್ಸು ಎರಡೂ ತಪ್ಪಾಗಿದ್ದವು, ಕ್ಷಮಿಸಬೇಕು ಎಂದು ಕೇಳಿಕೊಂಡೆ. ಆ ಕುಳ್ಳನಿಗೆ ಆ ಮನೆಯಲ್ಲಿ ಯಾರೂ ದೀಪ ಹಚ್ಚುತ್ತಿರಲಿಲ್ಲ, ಯಾರೂ ಮೊಣಕಾಲೂರುತ್ತಿರಲಿಲ್ಲ. ದೇವರೆಂದು ಅವನಿಗೆ ಹೆದರಿದವನು ನಾನೊಬ್ಬನೇ. ಅವರು ನನ್ನ ಮಾತಿಗೆ ಅಷ್ಟಾಗಿ ಗಮನ ಕೊಡಲಿಲ್ಲ. ಹೆಬ್ಬೆರಳಿನಿಂದ ಹಲಗೆಯ ದಪ್ಪವನ್ನು ಅಳೆಯುತ್ತಿದ್ದರು. ಕೀಸಿ ಹೋದ ಮರ ತಿರುಗಿ ಬರುವುದಿಲ್ಲ, ಉಬ್ಬಿಸಿ ಕೆತ್ತಲು ಹಲಗೆಯಲ್ಲಿ ಇನ್ನು ಮೈ ಉಳಿದಿಲ್ಲ ಎಂದು ನಾನು ಪೇಚಾಡುತ್ತಿರುವಾಗ, ಇರೀನಿ ತಮಗೆ ಒಂದು ಕಲ್ಲಿನ ಮೇಲೆ ತೋರಿಸಿದ್ದ ಬಗೆಯೊಂದನ್ನು ನಾರ್ಬರ್ಟರು ವಿವರಿಸಿದರು. ಆ ಜನ ಆಕೃತಿಯನ್ನು ಕಲ್ಲಿನ ಮಟ್ಟದಿಂದ ಮೇಲೆತ್ತುವ ಬದಲು ಒಳಕ್ಕೆ ತಗ್ಗಿಸಿಯೂ ಕೆತ್ತುತ್ತಿದ್ದರಂತೆ. ಬಿಸಿಲು ಓರೆಯಾಗಿ ಬಿದ್ದಾಗ ನೆರಳಿನಿಂದಲೇ ಮುಖ ಎದ್ದು ಕಾಣುತ್ತಿತ್ತಂತೆ.

“ಮೇಲೆ ಮರ ಇಲ್ಲದಿದ್ದರೆ ಎಂತಾಯ್ತು,” ಎಂದರು, “ಒಳಗೆ ಉಂಟಲ್ಲ.”

ಮುಂದಿನ ಮೂರು ಶನಿವಾರಗಳಲ್ಲಿ ಕುಳ್ಳ ಮರಳಿ ಬಂದ, ಈ ಸಲ ಹಲಗೆಯ ಒಳಗಿನಿಂದ. ಮೊದಲಿಗಿಂತ ಸೌಮ್ಯನಾಗಿದ್ದ, ನಾಲಿಗೆ ಮಾತ್ರ ಇದ್ದಷ್ಟೇ ಉದ್ದ. ಕೆಳಗೆ ಹೆಸರು ಬರೆಯುವುದಿಲ್ಲವೇ, ನಾನೇ ಬರೆದುಕೊಡಲೇ ಎಂದು ಕೇಳಿದೆ. ಬೆಸಾಂವ್ ಎಂದೇ ಬರೆಯಲು ಆಗ ನಾನು ಸಿದ್ಧನಿದ್ದೆ. ನಾರ್ಬರ್ಟರು ಪೆನ್ಸಿಲನ್ನು ಕೋಟಿನ ಕಿಸೆಗೆ ಸೇರಿಸಿ ತಲೆಯಾಡಿಸಿದರು. “ಲೇಬಲ್ ಹಚ್ಚುವುದು ಎಲ್ಲಿಗಾದರೂ ಹೋಗುವ ಸಾಮಾನಿಗೆ. ಇದು ಎಲ್ಲಿಗೂ ಹೋಗುವುದಿಲ್ಲ.”

ಇದನ್ನು ಬರೆಯುವಾಗ ಮೆಲಿಸ್ಸಾಗೆ ಎಂಟು ತಿಂಗಳು ತುಂಬಿದೆ. ಹೆರಿಗೆ ಇನ್ನೂ ಮುಂದಿದೆ. ಅದು ಹೇಗಾದೀತೆಂದು ಹೇಳುವ ಅಧಿಕಾರ ನನಗಿಲ್ಲ. ವೈದ್ಯರು ಚೆನ್ನಾಗಿದೆಯೆನ್ನುತ್ತಾರೆ, ಮೆಟಿಲ್ಡಾಬಾಯಿ ಚೆನ್ನಾಗಿದೆಯೆಂದು ಹೇಳಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಆದರೆ ಹಾಸಿಗೆಯಡಿಯ ಲಕೋಟೆ ಬಿಚ್ಚಿದೆ, ಚಿತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ. ತೊಟ್ಟಿಲು ಕಿಟಕಿಯ ಕಡೆಗೋ ಗೋಡೆಯ ಕಡೆಗೋ ಎಂದು ಮಗಳೂ ಅಳಿಯನೂ ಫೋನಿನಲ್ಲಿ ಜಗಳವಾಡುವುದನ್ನು ಮೊನ್ನೆ ಕೇಳಿ ನಾನು ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಂಡೆ.

ಒಂದು ಸಲ ಅವರ ಕಾರ್ಯಾಗಾರಕ್ಕೆ ಹೋಗಿದ್ದೆ. ಇನ್ನೂ ವಿಮಾನವನ್ನೇ ಏರಿರದ ಹೂದಾನಿಯೊಂದಕ್ಕೆ, ಕಾಗದದಲ್ಲಿ ಬಂದ ಅಳತೆಯೊಂದನ್ನೇ ನಂಬಿ, ದಪ್ಪನೆಯ ಸ್ಪಂಜಿನಲ್ಲಿ ಹೂದಾನಿಯಾಕಾರದ ಗೂಡನ್ನು ನಾರ್ಬರ್ಟರು ಕೊರೆಯುತ್ತಿದ್ದರು. ಕತ್ತು ಇರುವಲ್ಲಿ ಕತ್ತಿನ ಜಾಗ, ಹೊಟ್ಟೆ ಇರುವಲ್ಲಿ ಹೊಟ್ಟೆಯ ಜಾಗ. ಬಾರದೇ ಹೋದರೆ ಎಂದು ಕೇಳುವ ಪ್ರಶ್ನೆ ಆ ಕಸುಬಿನಲ್ಲಿ ಇದ್ದಂತಿಲ್ಲ. ಇಂಥವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ, ಕಡಲು ದಾಟಿ ಬಂದ ಈ ನಾಡಿನಲ್ಲಂತೂ ಇನ್ನೂ ಹೆಚ್ಚು. ಅವರ ಹೆಸರನ್ನು ಯಾವ ಫಲಕದ ಮೇಲೂ ನಾವು ಓದುವುದಿಲ್ಲ. ಶಾಸ್ತ್ರ ಕೇಳಿದರೆ ತಡವರಿಸುತ್ತಾರೆ, ಶಬ್ದದ ಮೂಲ ಕೇಳಿದರೆ ತಪ್ಪು ಹೇಳುತ್ತಾರೆ. ಬರಬೇಕಾದದ್ದು ಬರುವ ಮೊದಲೇ ಅದರ ಅಳತೆಗೆ ಸರಿಯಾಗಿ ಜಾಗ ಮಾಡಿಟ್ಟು ಕಾಯುವುದಷ್ಟೇ ಅವರಿಗೆ ಗೊತ್ತು. ನಂಬುವವರ ಮೊರೆಯನ್ನು ದೇವರು ಕೇಳುತ್ತಾನೆಂದು ನಾನು ಬಹುಕಾಲದಿಂದ ಬೋಧಿಸಿಕೊಂಡು ಬಂದವನು. ಉತ್ತರ ಕಳಿಸುವಾಗ ಅದನ್ನು ಇಳಿಸಲು ಅವನು ಹುಡುಕುವುದು ಇಂಥವರ ಮನೆಯನ್ನೇ ಇರಬೇಕೆಂದು ಈಚೆಗೆ ನನಗೆ ಅನಿಸುತ್ತಿದೆ.